ಕಾರಿಗೆಂದು ಇಟ್ಟ ನೀರು

ಸಾವಿರದ ಒಂಬೈನೂರ ಎಂಬತ್ತನಾಲ್ಕನೆಯ ಇಸವಿಯ ಬೇಸಗೆಯಲ್ಲಿ ನನಗೆ ಮೂವತ್ತಾರು ವರ್ಷ. ರಾಜಾಜಿನಗರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸುತ್ತಿದ್ದೆ. ವಿಜಯನಗರದ ಬಾಡಿಗೆ ಮನೆಯಲ್ಲಿ ತಾಯಿ, ಹೆಂಡತಿ ಮತ್ತು ತಂಗಿಯೊಡನೆ ವಾಸವಾಗಿದ್ದೆ. ಇವೆರಡಕ್ಕೂ ಹೊಂದದಂತೆ ಒಂದು ಕಾರಿಗೆ ಒಡೆಯನೂ ಆಗಿದ್ದೆ. ಶಾಲೆಯನ್ನು ಬಿಟ್ಟು ಬಹಳ ಕಾಲವಾಯಿತು. ಕಾರೂ ನಮ್ಮನ್ನು ಬಿಟ್ಟು ಹೋಯಿತು. ಉಳಿದಿರುವುದು ಒಂದು ಹಿತ್ತಾಳೆಯ ಕೂಜ ಮಾತ್ರ.

ಮೊನ್ನೆ ಅಟ್ಟದಿಂದ ಪಾತ್ರೆಗಳನ್ನು ಇಳಿಸುತ್ತಿದ್ದಾಗ ಹೆಂಡತಿ ಅದನ್ನು ನನ್ನ ಕೈಗೆ ಕೊಟ್ಟು, "ರೀ, ಇದನ್ನ ಹಳೇ ಪಾತ್ರೆಯವನಿಗೆ ಹಾಕ್ಬಿಡ್ಲಾ? ಸೊಟ್ಟ ಆಗಿದೆ" ಎಂದಳು. ತಿರುಪು ಮುಚ್ಚಳ, ಉದ್ದನೆಯ ಕತ್ತು, ಹೊಟ್ಟೆಯ ಒಂದು ಪಕ್ಕದಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು.

"ಬೇಡ. ಅದು ಕಾರಿನ ಸಾಮಾನು" ಎಂದೆ.

"ಕಾರೇ ಇಲ್ಲ, ಅದರ ಸಾಮಾನಂತೆ! ಹಾಗಾದ್ರೆ ನೀವೇ ತೊಳೀರಿ."

ತೊಳೆದೆ. ಹುಣಸೆಹಣ್ಣು ಹಿಡಿದು ಹಿತ್ತಲಲ್ಲಿ ಕುಳಿತು ಆ ತಗ್ಗಿನ ಸುತ್ತ ಉಜ್ಜುತ್ತಿದ್ದಂತೆ, ಇಷ್ಟು ವರ್ಷಗಳ ಮೇಲೂ ನನ್ನ ಎದೆ ಕಾರಣವಿಲ್ಲದೆ ಬೇಗ ಬೇಗ ಬಡಿದುಕೊಳ್ಳತೊಡಗಿತು. ಕಾರಣವಿಲ್ಲದೆ ಎಂದೆನೆ? ಆ ಪದವನ್ನು ಹಿಂತೆಗೆದುಕೊಳ್ಳುತ್ತೇನೆ. ಕಾರಣವಿತ್ತು.

ಕಾರು ನನ್ನ ಸೋದರತ್ತೆಯ ಗಂಡನದು. ಮಾವನಿಗೆ ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ, "ಮನೇಲಿ ಓದಿಕೊಂಡೋನು ನೀನೊಬ್ಬ, ಇಟ್ಕೋ" ಎಂದು ಕೀಲಿಕೈಯನ್ನು ನನಗೆ ಒಪ್ಪಿಸಿದರು. ಓದಿಗೂ ಕಾರಿಗೂ ಏನು ಸಂಬಂಧವೆಂದು ನಾನು ಕೇಳಲಿಲ್ಲ. ಅತ್ತೆಗೆ, ಎಂದರೆ ನಂಜತ್ತೆಗೆ, ಈ ಹಸ್ತಾಂತರ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಕಾರು ಎಲ್ಲಿ ನಿಂತಿದ್ದರೂ ಅದು ಅವರದೇ; ನಾನು ಅದನ್ನು ನೋಡಿಕೊಳ್ಳುವವನು. ಕಾರಿನ ಜೊತೆಗೆ ತಮ್ಮ ತವರಿನ ಈ ಕೂಜವನ್ನೂ ಕೊಟ್ಟು, "ಬಿಸಿಲುಗಾಲದಲ್ಲಿ ಇದಕ್ಕೆ ನೀರಡಿಕೆ ಜಾಸ್ತಿ. ತುಂಬಿಸಿ ಇಟ್ಟಿರು" ಎಂದಿದ್ದರು. ಹಸು ಮಾರುವವರು ಹೇಳುವ ಧಾಟಿ ಅದು.

ನಮ್ಮ ಬೀದಿಯಲ್ಲಿ ಆಗ ಬೇರೆ ಕಾರಿರಲಿಲ್ಲ. ಆದ್ದರಿಂದ ಅದು ಬೀದಿಯ ಕಾರು. ಹೆರಿಗೆಗೆ ಹೊರಟವರು, ರೈಲಿಗೆ ಹೊರಟವರು, ಮಾವಿನಹಣ್ಣಿನ ಬುಟ್ಟಿಯನ್ನು ಬಸವೇಶ್ವರನಗರದ ಬೀಗರ ಮನೆಗೆ ಮುಟ್ಟಿಸಬೇಕಾದವರು, ಎಲ್ಲರೂ ನಮ್ಮ ಗೇಟಿನ ಬಳಿ ನಿಂತು, "ಮೇಷ್ಟ್ರೇ, ಬಿಡುವಾಗಿದೀರಾ?" ಎಂದು ಕೇಳುವರು. ನಾನು ಬಿಡುವಾಗಿಯೇ ಇರುತ್ತಿದ್ದೆ, ಧೈರ್ಯವಾಗಿ ಇರುತ್ತಿರಲಿಲ್ಲ. ಸಮಾಸವನ್ನು ಬಿಡಿಸುವ ಹಾಗೆ ಕಾರು ಓಡಿಸುವವನು ನಾನು. ಮೊದಲು ಕ್ಲಚ್ಚು, ಅನಂತರ ಗೇರು, ಅನಂತರ ಕನ್ನಡಿ, ಅನಂತರ ಕೈ ಹೊರಗೆ ಚಾಚಿ ಸಂಜ್ಞೆ. ಈ ಅನುಕ್ರಮ ಮುಗಿಯುವುದರೊಳಗೆ ತಿರುವು ಮುಗಿದುಹೋಗಿರುತ್ತಿತ್ತು. ಅತ್ತಿಗುಪ್ಪೆಯಲ್ಲಿ ಒಮ್ಮೆ ಒಂದು ಅಂಗಡಿಯ ಫಲಕದಲ್ಲಿ ಮಹಾಪ್ರಾಣ ತಪ್ಪಿದ್ದುದನ್ನು ಕಂಡು ನಡುರಸ್ತೆಯಲ್ಲಿ ಬ್ರೇಕು ಒತ್ತಿದ್ದೆ. ಹಿಂದಿನಿಂದ ಬಂದ ಆಟೋದವನು, "ಏನ್ ಸಾರ್, ಅಂಗಡಿ ಕೊಂಡ್ಕೊಳ್ತೀರಾ?" ಎಂದು ಕೇಳಿ ಮುಂದೆ ಹೋದ.

ಬೇಸಗೆ ಬಂತೆಂದರೆ ಈ ಅಳುಕು ಇಮ್ಮಡಿಯಾಗುತ್ತಿತ್ತು. ರೆಕ್ಸಿನ್ ಹೊದಿಸಿದ ಸೀಟು ತೊಡೆಯನ್ನು ಸುಡುತ್ತಿತ್ತು. ಸ್ಟಿಯರಿಂಗನ್ನು ಕರವಸ್ತ್ರದಲ್ಲಿ ಹಿಡಿಯಬೇಕಾಗುತ್ತಿತ್ತು. ತಾಯಿ ನನ್ನ ಜೇಬಿಗೆ ಒಂದು ಈರುಳ್ಳಿ ಹಾಕುವಳು, ಬಿಸಿಲು ಬಡಿಯದಿರಲೆಂದು. ಮಾವ ತಮ್ಮ ಪಾಲಿನ ಮುನ್ನೆಚ್ಚರಿಕೆಯನ್ನು ಟೈರುಗಳಿಗೆ ಅನ್ವಯಿಸುವರು. ಕಾವಿಗೆ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ಟೈರು ಸಿಡಿಯುತ್ತದೆ ಎಂಬ ನಂಬಿಕೆಯಿಂದ ಭಾನುವಾರ ಬಂದವರು ತಡಕಾಡಿ ಕವಾಟವನ್ನು ಹುಡುಕಿ, ಬೆಂಕಿಕಡ್ಡಿಯಿಂದ ಒತ್ತಿ, ನಾಲ್ಕೂ ಚಕ್ರಗಳಿಂದ ಗಾಳಿ ಬಿಡುವರು. ಗಾಳಿ ಕಡಿಮೆಯಾದರೆ ಟೈರು ಇನ್ನೂ ಹೆಚ್ಚು ಕಾಯುತ್ತದೆ ಎಂದು ಕಾರಿನ ಕೈಪಿಡಿಯಲ್ಲಿ ಓದಿದ್ದ ನಾನು ಸೋಮವಾರ ಗುಟ್ಟಾಗಿ ಗಾಳಿ ತುಂಬಿಸುವೆ. ಹೀಗೆ ಕಾರು ವಾರಕ್ಕೊಮ್ಮೆ ಉಸಿರು ಬಿಟ್ಟು ಉಸಿರು ಎಳೆದುಕೊಳ್ಳುತ್ತ ನಮ್ಮ ಕುಟುಂಬದ ಶಾಂತಿಯನ್ನು ಕಾಪಾಡಿತು.

ಆದರೆ ನನ್ನ ನಿಜವಾದ ಭಯ ರೇಡಿಯೇಟರಿನದು. ಅದರ ಬೇರು ಬಾಲ್ಯದಲ್ಲಿದೆ. ನಾನು ಹುಟ್ಟಿದ್ದು ಹಳೆಯ ಕೆಂಗೇರಿಯಲ್ಲಿ. ಉಪನಗರವೆಂಬುದು ಆಗ ಯಾರ ಕನಸಿನಲ್ಲಿಯೂ ಇರಲಿಲ್ಲ. ಮೈಸೂರು ರಸ್ತೆಯ ಡಾಂಬರು ಏಪ್ರಿಲ್ ತಿಂಗಳಲ್ಲಿ ಬರಿಗಾಲಿಗೆ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ಉದ್ದ ಮೂತಿಯ ಬಸ್ಸು ಏದುಸಿರು ಬಿಡುತ್ತ ಬಂದು ಮರದಡಿ ನಿಲ್ಲುವುದು. ಡ್ರೈವರು ಮೂತಿಯ ಮುಚ್ಚಳ ಎತ್ತಿ, ಹಸಿಯ ಗೋಣಿಯನ್ನು ಮೇಲೆ ಹಾಕಿ ಬೀಡಿ ಸೇದುತ್ತ ಕಾಯುವನು. ಬಹಳ ಹೊತ್ತಿನ ಮೇಲೆ ಕೊಡದಿಂದ ನೀರು ಹೊಯ್ಯುವನು. "ಬಸ್ಸು ನೀರ್ ಕುಡೀತೈತೆ!" ಎಂದು ನಾವೆಲ್ಲ ಓಡಿಹೋಗಿ ಸುತ್ತ ನಿಲ್ಲುತ್ತಿದ್ದೆವು. ಬಸ್ಸಿನ ಒಳಗೆ ಜನ ಕಿಟಕಿಗೆ ಮುಖವಿಟ್ಟು ಆ ನೀರನ್ನೇ ನೋಡುತ್ತಿದ್ದುದು ನೆನಪಿದೆ. ಅವರು ಏಕೆ ಹಾಗೆ ನೋಡುತ್ತಿದ್ದರೆಂದು ನನಗೆ ಆಗ ಹೊಳೆದಿರಲಿಲ್ಲ. ಮೂವತ್ತಾರು ವರ್ಷವಾದರೂ ಹೊಳೆದಿರಲಿಲ್ಲ.

ಆ ವರ್ಷ ಮೇ ತಿಂಗಳಿನಲ್ಲಿ ನನ್ನ ತಂಗಿ ಗಿರಿಜಳ ಮದುವೆ ಗೊತ್ತಾಯಿತು. ತಂದೆಯಿಲ್ಲದ ಮನೆ, ಧಾರೆ ಎರೆಯಬೇಕಾದವನು ನಾನು. ಛತ್ರ ರಾಜಾಜಿನಗರದಲ್ಲಿ. ಮುಹೂರ್ತ ನಡುಹಗಲಿನ ಅಭಿಜಿನ್ ಲಗ್ನ. ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ: ಮದುಮಗಳು ಧಾರೆಯ ದಿನ ಬೆಳಿಗ್ಗೆ ಕೆಂಗೇರಿಯ ಹಳೆಯ ಮನೆಗೆ ಹೋಗಿ, ಮನೆದೇವರ ಮುಂದೆ ಅಕ್ಕಿ ಬೆಲ್ಲ ಇಟ್ಟು ಬರಬೇಕು, ಎದ್ದಾಗಿನಿಂದ ಧಾರೆಯಾಗುವವರೆಗೆ ಬಾಯಿಗೆ ಹನಿ ನೀರೂ ಮುಟ್ಟಿಸಬಾರದು. ಅವಳನ್ನು ಕರೆದೊಯ್ಯುವ ಹಿರಿಯ ಮುತ್ತೈದೆಗೂ ಅದೇ ನಿಯಮ. ಆ ಹಿರಿಯ ಮುತ್ತೈದೆ ನಂಜತ್ತೆ, ಸಾರಥಿ ನಾನು.

ಹಿಂದಿನ ರಾತ್ರಿ ನಮ್ಮ ದಾಯಾದಿಗಳ ಮಕ್ಕಳು ಕಾರನ್ನು ಸಿಂಗರಿಸಿದರು. ಮುಂದಿನ ಜಾಲರಿಗೆ ಮಲ್ಲಿಗೆಯ ದಪ್ಪ ಹಾರಗಳನ್ನು ಸಂದಿಲ್ಲದಂತೆ ಕಟ್ಟಿ, ಅದರ ಮೇಲೆ ವಧೂವರರ ಹೆಸರು ಕೊರೆದ ಥರ್ಮೋಕೋಲ್ ಹಲಗೆಯನ್ನು ಬಿಗಿದು, "ಅಣ್ಣ, ಒಂದ್ಸಲ ನೋಡಿ ಹೇಳಿ" ಎಂದು ನನ್ನನ್ನು ಕರೆದರು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಅಕ್ಷರಗಳನ್ನು ನೋಡಿದೆ. ಒತ್ತು, ದೀರ್ಘ, ಅನುಸ್ವಾರ ಎಲ್ಲವೂ ಸರಿಯಾಗಿದ್ದವು. "ಭೇಷ್" ಎಂದೆ. ಆ ಹಲಗೆಯ ಹಿಂದೆ, ಆ ಹೂವಿನ ಗೋಡೆಯ ಹಿಂದೆ, ಗಾಳಿಗಾಗಿಯೇ ಮಾಡಿಟ್ಟ ಕಿಂಡಿಗಳಿವೆ ಎಂಬುದು ಕೈಪಿಡಿಯನ್ನು ಕಂಠಪಾಠ ಮಾಡಿದ್ದ ನನ್ನ ತಲೆಗೆ ಬರಲಿಲ್ಲ. ಕೂಜಕ್ಕೆ ಮಾತ್ರ ತುಂಬ ನೀರು ಹಾಕಿ ಮುಂದಿನ ಸೀಟಿನ ಕೆಳಗೆ ಇಟ್ಟು ನಿಶ್ಚಿಂತೆಯಿಂದ ಮಲಗಿದೆ.

ಕೆಂಗೇರಿಯಲ್ಲಿ ಪೂಜಾರಿ ಬಂದದ್ದು ತಡ. ಅಲ್ಲಿಂದ ಹೊರಡುವಾಗ ಬಿಸಿಲು ಆಗಲೇ ನೆತ್ತಿಯ ಕಡೆ ಏರಿತ್ತು. ಹಿಂದಿನ ಸೀಟಿನಲ್ಲಿ ಕಡುಗೆಂಪು ರೇಷ್ಮೆಯ ಗಿರಿಜ, ಹಸುರು ರೇಷ್ಮೆಯ ಅತ್ತೆ. ಗಾಜುಗಳೆಲ್ಲ ಮೇಲೆ.

"ಗಾಜು ಇಳಿಸ್ಲಾ ಅತ್ತೆ?"

"ಬೇಡ. ಲಾರಿ ಧೂಳೆಲ್ಲ ಸೀರೆ ಮೇಲೆ ಕೂರತ್ತೆ. ಹೂವು ಬಾಡತ್ತೆ. ನೀನು ಓಡ್ಸು."

ನಾಯಂಡಹಳ್ಳಿ ಹತ್ತಿರ ಇಟ್ಟಿಗೆ ತುಂಬಿದ ಲಾರಿಯೊಂದು ಅಚ್ಚು ಮುರಿದು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಹಿಂದೆ ಬಸ್ಸು, ಗಾಡಿ, ಸ್ಕೂಟರುಗಳ ಸಾಲು. ಆ ಸಾಲಿನಲ್ಲಿ ನಾವೂ ನಿಂತೆವು. ಮುಂದೆ ಒಂದು ಮಾರು, ಮತ್ತೆ ನಿಲುಗಡೆ. ಮತ್ತೆ ಒಂದು ಮಾರು. ನಾನು ರಸ್ತೆಯನ್ನು ಬಿಟ್ಟು ಕಾವಿನ ಮುಳ್ಳನ್ನೇ ನೋಡುತ್ತಿದ್ದೆ. ಮುಳ್ಳು ಏರುತ್ತಿತ್ತು. ಆಗ ಒಂದು ವಾಸನೆ ಬಂತು. ಸುವಾಸನೆಯೇ, ಆದರೆ ಎಲ್ಲಿಯೂ ಮೂಸಿರದ ಸುವಾಸನೆ. ಮಲ್ಲಿಗೆ ಬೇಯುತ್ತಿತ್ತು.

ಮರುಕ್ಷಣ ಹಾರಗಳ ನಡುವಿನಿಂದ ಆವಿ ಬುಸ್ಸೆಂದು ಎದ್ದಿತು. ಕಾರನ್ನು ಪಕ್ಕದ ಹೊಂಗೆಮರದ ಕೆಳಗೆ ಹೇಗೆ ತಂದೆನೋ ತಿಳಿಯದು. ನನ್ನ ಅನುಕ್ರಮಗಳೆಲ್ಲ ಆ ಹೊತ್ತು ನನ್ನನ್ನು ಕೈಬಿಟ್ಟಿದ್ದವು. ಹಾರಗಳನ್ನೂ ಹಲಗೆಯನ್ನೂ ಕಿತ್ತು ಎಸೆದೆ. ಬಾನೆಟ್ಟು ಎತ್ತಿದೆ. ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆದರೆ ಮುಖ ಬೆಂದುಹೋಗುತ್ತದೆ, ಕಾಯಬೇಕು; ಅಷ್ಟು ಬುದ್ಧಿ ಉಳಿದಿತ್ತು. ಕೂಜವನ್ನು ಹಿಡಿದು ಕಾಯುತ್ತ ನಿಂತೆ. ಪಕ್ಕದಲ್ಲಿ ವೃಷಭಾವತಿ ಹರಿಯುತ್ತಿತ್ತು, ಕಾರೂ ಕುಡಿಯದಂಥ ಬಣ್ಣದ ನೀರು ಹೊತ್ತು.

"ಹಾಕೋ ಸೀನ, ಬೇಗ! ಮುಹೂರ್ತ ಮೀರಿದ್ರೆ ಏನು ಗತಿ?" ಅತ್ತೆ ಬಾಗಿಲು ತೆರೆದು ಇಳಿದರು.

"ಈಗ ತೆಗೆಯಬಾರದು ಅತ್ತೆ. ಸ್ವಲ್ಪ ತಣಿಯಬೇಕು."

ಗಿರಿಜ ಒಳಗಿನಿಂದ ಕೂಜವನ್ನೇ ನೋಡುತ್ತಿದ್ದಳು. "ಅಣ್ಣ" ಎಂದಳು, "ಮುಂದಿನ ಜನ್ಮದಲ್ಲಿ ನಾನು ನಿನ್ನ ಕಾರಾಗಿ ಹುಟ್ತೀನಿ ಕಣೋ."

"ಯಾಕೇ?"

"ಅದಕ್ಕೆ ಮುಹೂರ್ತ ಇಲ್ಲ. ಬಾಯಾರಿದ ತಕ್ಷಣ ನೀರು ಸಿಗತ್ತೆ."

"ಬಿಡ್ತು ಅನ್ನು! ಮದುವೆ ದಿನ ಎಂಥಾ ಮಾತು" ಎಂದರು ಅತ್ತೆ.

"ನಾಲಿಗೆ ಅಂಟ್ಕೊಂಡಿದೆ ಅತ್ತೆ. ಬಿಡ್ತು ಅನ್ನೋಕೂ ಬರ್ತಿಲ್ಲ."

ನಾನು ನಕ್ಕೆ. ನಕ್ಕವನು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಕೆಂಗೇರಿ ಬಿಡುವಾಗ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿದ್ದ ಕುಂಕುಮ ಈಗ ಒಣಗಿ ಗೆರೆಯಾಗಿ ನಿಂತಿತ್ತು. ಹಣೆಯಲ್ಲಿ ಒಂದು ಹನಿಯೂ ಇರಲಿಲ್ಲ. ಆ ಬೆಂಕಿಯಂಥ ಕಾರಿನೊಳಗೆ, ಅಷ್ಟು ರೇಷ್ಮೆಯೊಳಗೆ, ಅವಳು ಬೆವರುವುದನ್ನು ನಿಲ್ಲಿಸಿದ್ದಳು. ನಮ್ಮ ಶಾಲೆಯ ವ್ಯಾಯಾಮದ ಮೇಷ್ಟರು ಬಿಸಿಲಿನ ಕವಾಯತಿನಲ್ಲಿ ಹುಡುಗರ ಕುತ್ತಿಗೆ ಮುಟ್ಟಿ ನೋಡುತ್ತ, "ಬೆವರ್ತಾ ಇದ್ರೆ ಭಯ ಇಲ್ಲ ಸಾರ್, ಬಿಸಿಲಲ್ಲಿ ಬೆವರು ನಿಂತ್ರೆ ಭಯ" ಎನ್ನುತ್ತಿದ್ದುದು ಥಟ್ಟನೆ ನೆನಪಾಯಿತು. ಅವಳ ಕುತ್ತಿಗೆ ಮುಟ್ಟಿದೆ. ಬಾನೆಟ್ಟನ್ನು ಮುಟ್ಟಿದಂತಾಯಿತು.

"ಅಪ್ಪ, ಹೊರಟ್ವಾ?" ಎಂದಳು. ನಮ್ಮ ತಂದೆ ತೀರಿಕೊಂಡು ಆಗಲೇ ಹಲವು ವರ್ಷಗಳಾಗಿದ್ದವು.

ನಾನು ಕೂಜದ ಮುಚ್ಚಳ ತಿರುಗಿಸಿದೆ. ಅತ್ತೆ ಕೂಜದ ಕತ್ತನ್ನು ಹಿಡಿದುಕೊಂಡರು.

"ಏನ್ ಮಾಡ್ತಿದೀಯ? ಧಾರೆ ಆಗಿಲ್ಲ."

"ಅತ್ತೆ, ದಯವಿಟ್ಟು ಕೂಜವನ್ನು ಬಿಡಿ." ಗಾಬರಿಯಾದಾಗ ನನ್ನ ಬಾಯಲ್ಲಿ ವಿಭಕ್ತಿ ಪ್ರತ್ಯಯಗಳು ಹೆಚ್ಚು ಸ್ಪಷ್ಟವಾಗುತ್ತವೆ.

"ಬಿಡಲ್ಲ. ನಮ್ಮ ಮನೇಲಿ ಯಾವ ಹೆಣ್ಣೂ ಕುಡಿದಿಲ್ಲ. ನಾನು ಕುಡೀಲಿಲ್ಲ, ನಿಮ್ಮಜ್ಜಿ ಕುಡೀಲಿಲ್ಲ. ಇನ್ನೇನು ಅರ್ಧ ಗಂಟೆ. ಕಾರಿಗೆ ಹಾಕು, ಹೊರಡು. ಅವಳ ಬಾಳಿನ ಪ್ರಶ್ನೆ ಕಣೋ!"

"ಅದೇ ಪ್ರಶ್ನೆ ಅತ್ತೆ!"

ನಾನು ಎಳೆದೆ, ಅವರು ಎಳೆದರು. ಕೂಜ ಇಬ್ಬರ ಕೈಯಿಂದಲೂ ಜಾರಿ ಮರದ ಬೇರಿನ ಮೇಲೆ ಠಣ್ಣೆಂದು ಬಿತ್ತು. ಅಳಿಸಲಾಗದ ಆ ತಗ್ಗು ಮೂಡಿದ್ದು ಹಾಗೆ. ನೀರು ಗಳಗಳನೆ ಹರಿಯುವಷ್ಟರಲ್ಲಿ ಎತ್ತಿಕೊಂಡೆ; ಅರ್ಧ ಉಳಿದಿತ್ತು. ಗಿರಿಜಳನ್ನು ಇಳಿಸಿ ನೆರಳಿನಲ್ಲಿ ಕೂರಿಸಿ, ಹೆಗಲ ಮೇಲಿನ ಜರಿ ಶಲ್ಯವನ್ನು ನೆನೆಸಿ ಅವಳ ಕುತ್ತಿಗೆಗೆ ಸುತ್ತಿದೆ. ಉಳಿದುದನ್ನು ಗುಟುಕು ಗುಟುಕಾಗಿ ಕುಡಿಸಿದೆ. ಅತ್ತೆ ನಮಗೆ ಬೆನ್ನು ಮಾಡಿ ರಸ್ತೆಯ ಬಿಸಿಲಿನಲ್ಲಿ ನಿಂತರು.

ರಸ್ತೆಯಾಚೆಯ ಮನೆಯೊಂದರಿಂದ ಒಬ್ಬ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳೆಂದು ಕಾಣುತ್ತದೆ. ಒಂದು ಬಿಂದಿಗೆ ನೀರು, ಒಂದು ಚೊಂಬು ಮಜ್ಜಿಗೆ ಹಿಡಿದು ಬಂದಳು. "ಮದುವೆ ಹೆಣ್ಣಾ? ಅಯ್ಯೋ ನನ್ ಕಂದಾ, ಮುಖ ನೋಡು ಹೆಂಗಾಗೈತೆ. ಹೊಟ್ಟೆಗೆ ಏನಾದ್ರೂ ಹಾಕಿದೀರೋ ಇಲ್ವೋ?" ಎಂದು ಗಿರಿಜಳಿಗೆ ಉಪ್ಪು ಬೆರೆಸಿದ ಮಜ್ಜಿಗೆ ಕುಡಿಸಿ, ತನ್ನ ಸೆರಗಿನಿಂದಲೇ ಗಾಳಿ ಹಾಕಿದಳು. ಅನಂತರ ಅತ್ತೆಯ ಕಡೆ ತಿರುಗಿ, "ತಗಳಿ ಅಮ್ಮಾ, ನೀವೂ ಒಂದು ಗುಟುಕು" ಎಂದಳು.

"ನಂಗೆ ಬೇಡ" ಎಂದರು ಅತ್ತೆ. ಅವರ ತುಟಿ ಬಿರಿದಿತ್ತು. ಅದನ್ನು ನೋಡಿದೆ, ನೋಡಿದುದನ್ನು ಆಗ ಯೋಚಿಸಲಿಲ್ಲ.

ಗಿರಿಜಳ ಹಣೆಯಲ್ಲಿ ಬೆವರು ಮತ್ತೆ ಒಡೆಯಿತು. ಕುಂಕುಮ ಮತ್ತೆ ಇಳಿಯತೊಡಗಿತು. ಅಷ್ಟು ಚೆಲುವಾದ ಕಲೆಯನ್ನು ನಾನು ಬೇರೆ ನೋಡಿಲ್ಲ. "ಅಣ್ಣ, ನಿನ್ನ ಕಾರಿಗೂ ಸ್ವಲ್ಪ ಕೊಡು, ಪಾಪ" ಎಂದಳು. ಅಣ್ಣ ಎಂದಳು. ಆಮೇಲೆ ಬಿಂದಿಗೆಯ ನೀರನ್ನು ತಣಿದ ರೇಡಿಯೇಟರಿಗೆ ನಿಧಾನವಾಗಿ ಹೊಯ್ದು, ನಾಲ್ಕೂ ಗಾಜು ಇಳಿಸಿ, ಹೂವಿಲ್ಲದ, ಹೆಸರಿಲ್ಲದ ಕಾರಿನಲ್ಲಿ ಛತ್ರ ಸೇರಿದೆವು. ಪುರೋಹಿತರು ಲಗ್ನದ ಬಾಲವನ್ನು ಹಿಡಿದು ಎಳೆಯುತ್ತ ಕುಳಿತಿದ್ದರು. ಧಾರೆ ಎರೆಯುವಾಗ ನಾನು ಅರ್ಧ ನೀರನ್ನು ಹೊರಗೆ ಚೆಲ್ಲಿದ್ದನ್ನು ಕಂಡು, ತಂಗಿ ಹೋಗುವ ದುಃಖವೆಂದು ಎಲ್ಲರೂ ಕಣ್ಣೊರೆಸಿಕೊಂಡರು.

ಅತ್ತೆ ನನ್ನ ತಾಯಿಯ ಬಳಿ ಇಷ್ಟೇ ಹೇಳಿದರು: "ನಿನ್ನ ಮಗ ಧಾರೆಗೆ ಮುಂಚೆ ಅವಳಿಗೆ ನೀರು ಕುಡಿಸಿದ. ನಾಳೆ ಏನಾದ್ರೂ ಆದ್ರೆ ನನ್ನ ಕೇಳ್ಬೇಡ."

ಇಲ್ಲಿಂದ ನನ್ನ ನಿಜವಾದ ಬೇಸಗೆ ಆರಂಭವಾಯಿತು. ನಾನು ಓದಿದವನು, ಶಕುನಗಳನ್ನು ತರಗತಿಯಲ್ಲಿ ಹಾಸ್ಯಮಾಡಿದವನು. ಆದರೂ ಗಿರಿಜ ತವರಿಗೆ ಬಂದಾಗಲೆಲ್ಲ, ಗೇಟು ತೆರೆಯುವ ಅವಳ ಮುಖದಲ್ಲಿ ಏನಾದರೂ ಬರೆದಿದೆಯೇ ಎಂದು ಹುಡುಕುತ್ತಿದ್ದೆ. ಅವಳ ಗಂಡ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡ. ಅತ್ತೆ, "ನಾನೇನೂ ಹೇಳ್ತಿಲ್ಲಪ್ಪ" ಎಂದರು. ಗಿರಿಜಳ ಅತ್ತೆಮನೆಯ ಬಾವಿ ಬತ್ತಿತು. "ನಾನೇನೂ ಹೇಳ್ತಿಲ್ಲ." ಏನೂ ಹೇಳದ ಆ ವಾಕ್ಯದಷ್ಟು ನನ್ನನ್ನು ಹೆದರಿಸಿದ ವಾಕ್ಯ ಬೇರಿಲ್ಲ. ಮದುವೆಯಾದ ಎರಡನೆಯ ವರ್ಷ ಗಿರಿಜಳ ಮೊದಲ ಬಸಿರು ನಿಲ್ಲಲಿಲ್ಲ. ಆ ಸಲ ಅತ್ತೆ ಆ ಮಾತನ್ನೂ ಆಡಲಿಲ್ಲ. ಬಂದು ಗಿರಿಜಳ ತಲೆ ಸವರಿ, ನನ್ನನ್ನು ನೋಡದೆ ಹೊರಟುಹೋದರು. ನಾನು ಹಲವು ರಾತ್ರಿ ಸರಿಯಾಗಿ ನಿದ್ರಿಸಲಿಲ್ಲ.

ಕೊನೆಗೆ ಗಿರಿಜಳೇ ನನ್ನನ್ನು ಗದರಿಸಿದಳು. "ಯಾಕೋ ನನ್ನ ನೋಡಿದಾಗೆಲ್ಲ ಪರೀಕ್ಷೆ ಫಲಿತಾಂಶ ನೋಡೋನ ಥರ ನೋಡ್ತೀಯ? ಅವತ್ತು ಆ ನೀರು ಇಲ್ದಿದ್ರೆ ಇವತ್ತು ಹೀಗೆ ಬಯ್ಯೋಕೆ ನಾನೇ ಇರ್ತಿರ್ಲಿಲ್ಲ. ಸುಮ್ನಿರು."

ಸುಮ್ಮನಿರಲು ಯತ್ನಿಸಿದೆ. ಎರಡು ವರ್ಷಗಳ ಮೇಲೆ ಅವಳಿಗೆ ಮಗಳು ಹುಟ್ಟಿದಳು. ಆದರೂ ನನ್ನ ಮತ್ತು ಅತ್ತೆಯ ನಡುವೆ ಆ ಅರ್ಧ ಕೂಜ ನೀರು ಹಾಗೆಯೇ ನಿಂತಿತ್ತು. ಕೂಜ ಕಾರಿನಲ್ಲಿಯೇ ಇತ್ತು; ಅವರು ಮರಳಿ ಕೇಳಲಿಲ್ಲ, ನಾನು ಕೊಡಲಿಲ್ಲ.

ಅನಂತರ ಅತ್ತೆಯ ಮೊಮ್ಮಗಳು ಪದ್ಮಳ ಮದುವೆ ಬಂತು. ಮತ್ತೆ ಮೇ ತಿಂಗಳು, ಮತ್ತೆ ನಡುಹಗಲಿನ ಲಗ್ನ, ಮತ್ತೆ ಕೆಂಗೇರಿ; ಮೊಮ್ಮಗಳಿಗೂ ಅತ್ತೆ ತಮ್ಮ ತವರಿನ ಪದ್ಧತಿಯನ್ನೇ ಹಿಡಿದಿದ್ದರು. ಮಾವ ಬಂದು, "ಕಾರು ನೀನೇ ಓಡಿಸಬೇಕಂತೆ. ನಿಮ್ಮತ್ತೆ ಹೇಳಿ ಕಳಿಸಿದಾಳೆ" ಎಂದರು. ಪದ್ಮ ಗಿರಿಜಳಿಗಿಂತಲೂ ನವುರಾದ ಹುಡುಗಿ. ಪರೀಕ್ಷೆಯ ದಿನ ಉಪ್ಪಿಟ್ಟು ಬಿಟ್ಟರೂ ತಲೆ ತಿರುಗಿ ಕೂರುವವಳು. ಆ ಹಿಂದಿನ ಸೀಟಿನಲ್ಲಿ ಮತ್ತೊಂದು ಒಣಗಿದ ಹಣೆಯನ್ನು ನೋಡಲು ನನ್ನಿಂದ ಆಗದು. ಆದ್ದರಿಂದ ಒಂದು ವಾಕ್ಯವನ್ನು ಸಿದ್ಧಪಡಿಸಿದೆ: "ಅತ್ತೆ, ದಾರಿಯಲ್ಲಿ ಮಗುವಿಗೆ ನೀರು ಕೊಡಲು ನೀವು ಒಪ್ಪಿದರೆ ಮಾತ್ರ ನಾನು ಕಾರನ್ನು ಓಡಿಸುತ್ತೇನೆ." ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಸ್ಥಾನದಲ್ಲಿದ್ದವು. ಸ್ನಾನ ಮಾಡುವಾಗ ಹೇಳಿಕೊಂಡೆ. ಮೈಸೂರು ರಸ್ತೆಯುದ್ದಕ್ಕೂ ಹೇಳಿಕೊಂಡೆ. ಹುಡುಗರು ಹೂವು ತಂದಾಗ ಹಾರವನ್ನು ಹಿಂದಿನ ಗಾಜಿಗೆ ಕಟ್ಟಿಸಿ ಮುಂದಿನ ಜಾಲರಿಯನ್ನು ಬೋಳಾಗಿಯೇ ಉಳಿಸಿದ್ದೆ.

ಕೆಂಗೇರಿಯ ಹಳೆಯ ಮನೆಯಲ್ಲಿ ಪೂಜೆ ಮುಗಿಯಿತು. ಪದ್ಮ ಬಂದು ಹಿಂದೆ ಕುಳಿತಳು. ನಾನು ಬಾಗಿಲ ಬಳಿ ನಿಂತು ಗಂಟಲು ಸರಿಪಡಿಸಿಕೊಂಡೆ. ಅತ್ತೆ ನನ್ನನ್ನು ದಾಟಿ ಮುಂದಿನ ಸೀಟಿನ ಕೆಳಗೆ ಕೈ ಹಾಕಿ, ಕೂಜವನ್ನು ಎಳೆದರು. ತಗ್ಗಿನ ಮೇಲೆ ಒಮ್ಮೆ ಬೆರಳಾಡಿಸಿದರು. ಒಳಗಿದ್ದ ನೀರನ್ನು ತುಳಸಿಯ ಬುಡಕ್ಕೆ ಚೆಲ್ಲಿ, ಬಾವಿಕಟ್ಟೆಗೆ ಹೋಗಿ, ಕೂಜವನ್ನು ಬೂದಿ ಹಾಕಿ ತಿಕ್ಕಿ, ಹೊಸ ನೀರು ತುಂಬಿಸಿ ತಂದರು.

ನನ್ನ ಸಿದ್ಧವಾಕ್ಯ ಎಲ್ಲಿ ಹೋಯಿತೋ. "ಅತ್ತೆ, ಅದು ಕಾರಿನ ನೀರು..." ಎಂದು ತೊದಲಿದೆ.

"ಕಾರಿಗೆ ಬೇರೆ ಕ್ಯಾನು ತರ್ಸಿದೀನಿ, ಡಿಕ್ಕೀಲಿದೆ. ಇದು ಕಾರಿಗಲ್ಲ ಕಣೋ" ಎಂದರು.

"ಅಜ್ಜಿ, ಕುಡೀಬಹುದಾ?" ಪದ್ಮ ನಂಬದೆ ಕೇಳಿದಳು. "ಧಾರೆ ಆಗಿಲ್ವಲ್ಲ?"

ಅತ್ತೆ ಕೂಜವನ್ನು ಎರಡೂ ಕೈಯಿಂದ ಎತ್ತಿ, ತುಟಿಗೆ ತಾಗಿಸದೆ, ಮೊದಲು ತಾವೇ ಕುಡಿದರು. ಬಹಳ ಹೊತ್ತು ಕುಡಿದರು. ನೀರು ಗಲ್ಲದಿಂದ ಇಳಿದು ರೇಷ್ಮೆಯ ಮೇಲೆ ಬಿದ್ದುದನ್ನೂ ಲೆಕ್ಕಿಸಲಿಲ್ಲ. ಅನಂತರ ಕೂಜವನ್ನು ಮೊಮ್ಮಗಳ ಕೈಗೆ ಕೊಟ್ಟು, ಅವಳಿಗೆ ಹೇಳುವಂತೆ, ಆದರೆ ನನ್ನ ಕಡೆ ನೋಡುತ್ತ, "ಕುಡಿ" ಎಂದರು. "ಅವತ್ತು ನಂಗೂ ಬಾಯಾರಿತ್ತು."

ಗಾಜುಗಳನ್ನೆಲ್ಲ ಅವರೇ ಇಳಿಸಿದರು. ನಮ್ಮ ವಾದ ಹೀಗೆ ಇತ್ಯರ್ಥವಾದದ್ದು ಸಾವಿರದ ಒಂಬೈನೂರ ಎಂಬತ್ತೊಂಬತ್ತನೆಯ ಇಸವಿಯ ಮೇ ತಿಂಗಳ ಹದಿನಾಲ್ಕನೆಯ ತಾರೀಖು, ಭಾನುವಾರ, ಕಾರು ಹೊರಡುವ ಮುನ್ನ.